ಹೊಸ ಬತ್ತಿ ಸೀಯುವುದೇಕೆ?

ಇಂಗ್ಲೆಂಡಿನಲ್ಲಿರುವ ನನ್ನ ಅಕ್ಕನ ಮಗ ತನ್ನ ಇ-ಸಿಗರೇಟಿಗೆ ಹೊಸ ಅಟಮೈಸರ್ ಹಾಕುವುದನ್ನು ಪಕ್ಕದಲ್ಲೇ ಕುಳಿತು ನೋಡಿದೆ. ದ್ರವವನ್ನು ಕಾಯಿಸಿ ಆವಿಯಾಗಿಸುವ ಭಾಗ ಅದು; ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದಾದ ಲೋಹದ ಕೊಳವೆ. ಒಳಗೆ ಸ್ಪ್ರಿಂಗಿನಂತೆ ಸುತ್ತಿದ, ಬ್ಯಾಟರಿಯಿಂದ ಬಿಸಿಯಾಗುವ ತಂತಿ, ಅದನ್ನು ಅಪ್ಪಿಕೊಂಡ ಬಿಳಿ ಹತ್ತಿಯ ಬತ್ತಿ. ಬದಿಯ ಕಿಂಡಿಗಳಲ್ಲಿ ಇಣುಕುವ ಹತ್ತಿಗೆ ನಾಲ್ಕೈದು ಹನಿ ದ್ರವ ಬಿಟ್ಟ, ಟ್ಯಾಂಕ್ ತುಂಬಿಸಿದ, ಹತ್ತು ನಿಮಿಷ ಸುಮ್ಮನೆ ಕುಳಿತ. ಯಾಕೆಂದು ಕೇಳಿದೆ. "ಕಾವಲಿ ಪಳಗಿಸುವುದಿಲ್ಲವೇ, ಹಾಗೆ. ಲೋಹಕ್ಕೆ ರುಚಿ ಹತ್ತಬೇಕು" ಎಂದ.

ಮಾಡಿದ್ದು ಸರಿ, ಹೇಳಿದ್ದು ತಪ್ಪು. ಕಬ್ಬಿಣದ ಕಾವಲಿಗೆ ಎಣ್ಣೆ ಸವರಿ ಕಾಯಿಸಿದರೆ ಎಣ್ಣೆಯ ಅಣುಗಳು ಒಂದಕ್ಕೊಂದು ಬೆಸೆದು ಗಟ್ಟಿ ಪದರವಾಗುತ್ತವೆ. ಕಾವಲಿ ನಿಜಕ್ಕೂ ಬದಲಾಗುತ್ತದೆ. ಹತ್ತು ನಿಮಿಷ ನೆನೆದರೆ ಅಟಮೈಸರಿನ ಲೋಹಕ್ಕೆ ಏನೂ ಆಗುವುದಿಲ್ಲ. ಹತ್ತಿಯೊಳಗಿನ ಗಾಳಿ ಹೊರಟು ಆ ಜಾಗಕ್ಕೆ ದ್ರವ ಬರಬೇಕು, ಅಷ್ಟೇ. ಇದಕ್ಕೆ ತಕ್ಕ ಹೋಲಿಕೆ ಅಡುಗೆಮನೆಯಲ್ಲಲ್ಲ, ದೇವರ ಮನೆಯಲ್ಲಿದೆ. ನನ್ನ ಅಜ್ಜಿ ಹೊಸ ಬತ್ತಿಯನ್ನು ಎಣ್ಣೆಯಲ್ಲಿ ಅದ್ದಿ, ತುದಿಯನ್ನು ಬೆರಳಲ್ಲಿ ಹೊಸೆದು, ಆಮೇಲಷ್ಟೇ ಕಡ್ಡಿ ಗೀರುತ್ತಿದ್ದರು. ಸೀಮೆಎಣ್ಣೆಯ ಬತ್ತಿ ಸ್ಟೋವ್ ಕಂಡವರಿಗೂ ಗೊತ್ತು: ಹೊಸ ಬತ್ತಿ ಏರಿಸಿದ ಕೂಡಲೇ ಹಚ್ಚಿದರೆ ಉರಿಯುವುದು ಎಣ್ಣೆಯಲ್ಲ, ಬತ್ತಿ.

ಒದ್ದೆ ಹತ್ತಿ ಯಾಕೆ ಸುಡುವುದಿಲ್ಲ? ಕಾಗದದ ಲೋಟದಲ್ಲಿ ನೀರು ತುಂಬಿ ಉರಿಯ ಮೇಲೆ ಹಿಡಿದರೆ ನೀರು ಕುದಿಯುತ್ತದೆ, ಕಾಗದ ಉಳಿಯುತ್ತದೆ. ಅನ್ನವೂ ನೀರು ಇಂಗಿದ ಮೇಲೆಯೇ ತಳ ಹಿಡಿಯುವುದು. ದ್ರವ ಇರುವಷ್ಟು ಹೊತ್ತು ಶಾಖವೆಲ್ಲ ಅದನ್ನು ಆವಿಯಾಗಿಸುವುದರಲ್ಲೇ ಖರ್ಚಾಗುತ್ತದೆ. ದ್ರವವೇ ಉಷ್ಣತೆಗೆ ಹಾಕಿದ ಲಗಾಮು. ಇ-ಸಿಗರೇಟಿನ ದ್ರವದಲ್ಲಿ ಮುಖ್ಯವಾಗಿ ಎರಡು ವಸ್ತುಗಳಿವೆ: 188 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುವ ಪ್ರೊಪಿಲೀನ್ ಗ್ಲೈಕಾಲ್, 290ರಲ್ಲಿ ಕುದಿಯುವ ಗ್ಲಿಸರಿನ್. ಹತ್ತಿ ಒಣಗಿದ ಕಡೆ ಲಗಾಮು ತಪ್ಪುತ್ತದೆ. ಹತ್ತಿ ಕರಕಲಾಗುತ್ತದೆ, ಅಳಿದುಳಿದ ಗ್ಲಿಸರಿನ್ ಒಡೆದು ಆಕ್ರೋಲಿನ್ ಹುಟ್ಟುತ್ತದೆ. ಬಾಣಲೆಯಲ್ಲಿ ಎಣ್ಣೆ ಹೊಗೆಯೆದ್ದಾಗ ಕಣ್ಣು, ಗಂಟಲು ಉರಿಸುವುದೂ ಇದೇ ಆಕ್ರೋಲಿನ್. ಜೊತೆಗೆ ಫಾರ್ಮಾಲ್ಡಿಹೈಡ್ ಬೇರೆ.

ಇನ್ನು ಆ ಹತ್ತು ನಿಮಿಷ. ಹತ್ತಿಯ ಎಳೆಗಳ ನಡುವಿನ ಸಂದುಗಳು ಸೂಕ್ಷ್ಮ ಕೊಳವೆಗಳಿದ್ದಂತೆ. ಅವುಗಳಲ್ಲಿ ದ್ರವ ತಾನಾಗಿ ಏರುವುದೇ ಲೋಮನಾಳ ಕ್ರಿಯೆ. ಕೊಳವೆ ಕಿರಿದಾದಷ್ಟೂ ನೀರು ಎತ್ತರಕ್ಕೇರುತ್ತದೆ ಎಂಬ ಲೆಕ್ಕವನ್ನು 1718ರಲ್ಲಿ ಕೊಟ್ಟವನು ಇಂಗ್ಲೆಂಡಿನ ವೈದ್ಯ ಜೇಮ್ಸ್ ಜುರಿನ್. 1 ಮಿಲಿಮೀಟರ್ ಒಳವ್ಯಾಸದ ಗಾಜಿನ ಕೊಳವೆಯಲ್ಲಿ ನೀರು ಸುಮಾರು 3 ಸೆಂಟಿಮೀಟರ್ ಏರಿದರೆ, ಅದರ ಹತ್ತನೇ ಒಂದರಷ್ಟು ಕಿರಿದಾದುದರಲ್ಲಿ 30. ಆದರೆ ಎಷ್ಟು ಎತ್ತರ ಎನ್ನುವುದು ಬೇರೆ, ಎಷ್ಟು ಬೇಗ ಎನ್ನುವುದು ಬೇರೆ. ಎರಡನೆಯದಕ್ಕೆ ಅಮೆರಿಕದ ರಸಾಯನವಿಜ್ಞಾನಿ ಎಡ್ವರ್ಡ್ ವಾಶ್‌ಬರ್ನ್ 1921ರಲ್ಲಿ ಸೂತ್ರ ಬರೆದ: ಇಂಗಬೇಕಾದ ದೂರ ಎರಡು ಪಟ್ಟಾದರೆ ಸಮಯ ನಾಲ್ಕು ಪಟ್ಟು. ದ್ರವ ಮಂದವಾದಷ್ಟೂ ಇನ್ನೂ ನಿಧಾನ. 20 ಡಿಗ್ರಿಯಲ್ಲಿ ಗ್ಲಿಸರಿನ್ನಿನ ಸ್ನಿಗ್ಧತೆ, ಅಂದರೆ ಹರಿಯಲು ಒಡ್ಡುವ ತಡೆ, ನೀರಿನ ಸಾವಿರ ಪಟ್ಟಿಗೂ ಹೆಚ್ಚು. ಮಲೆನಾಡಿನ ಚಳಿಗಾಲದ ಬೆಳಗ್ಗೆ ಜೋನಿಬೆಲ್ಲದ ಡಬ್ಬಿ ಬಗ್ಗಿಸಿ, ದೋಸೆ ಆರಿದರೂ ಹನಿ ಬೀಳದೆ ಕಾದವರಿಗೆ ಇದನ್ನು ವಿವರಿಸಬೇಕಿಲ್ಲ. ಹೊರಮೈ ಒದ್ದೆಯಾಗಿ ಕಂಡಾಗಲೂ ತಂತಿಗೆ ತಾಗಿದ ಹತ್ತಿ ಒಣಗಿಯೇ ಇರಬಹುದು.

ಬತ್ತಿಯ ಈ ತಾಪತ್ರಯ ಮೊದಲಿನಿಂದ ಇದ್ದದ್ದಲ್ಲ. ಚೀನಾದ ಔಷಧತಜ್ಞ ಹಾನ್ ಲಿಕ್ 2003ರಲ್ಲಿ ರೂಪಿಸಿದ ಇ-ಸಿಗರೇಟು ಶ್ರವಣಾತೀತ ಕಂಪನದಿಂದ ದ್ರವವನ್ನು ತುಂತುರಾಗಿಸುತ್ತಿತ್ತು. ಬಿಸಿಯಾಗುವ ತಂತಿ ಗೆದ್ದದ್ದು ಆಮೇಲೆ.

ಭಾರತದಲ್ಲಿ 2019ರಿಂದ ಇವುಗಳ ತಯಾರಿಕೆ, ಆಮದು, ಮಾರಾಟ ಎಲ್ಲಕ್ಕೂ ನಿಷೇಧವಿದೆ. ನನಗೆ ಸಿಟ್ಟು ಬರುವುದು "ಅದು ಬರೀ ನೀರಿನ ಆವಿ" ಎಂಬ ಮಾತಿಗೆ. ನೀರಿನ ಆವಿ ಕಣ್ಣಿಗೆ ಕಾಣುವುದೇ ಇಲ್ಲ. ಬೆಳ್ಳಗೆ ಕಾಣುವುದು ಗ್ಲಿಸರಿನ್ ಮತ್ತು ಗ್ಲೈಕಾಲಿನ ಹನಿಗಳ ಮಂಜು, ಬಹುಪಾಲು ನಿಕೋಟಿನ್ ಸಮೇತ.

ಇಷ್ಟನ್ನೂ ಹೇಳಿ ಮುಗಿಸುವಷ್ಟರಲ್ಲಿ ಹತ್ತು ನಿಮಿಷ ಆಗಿತ್ತು. ಅವನು ಬಿಚ್ಚಿಟ್ಟಿದ್ದ ಹಳೆಯ ಅಟಮೈಸರಿನ ಹತ್ತಿಯನ್ನು ಸೂಜಿಯಿಂದ ಎಳೆದು ಬಿಡಿಸಿದೆ. ಹೊರಗೆ ತಿಳಿ ಚಹಾದ ಬಣ್ಣ. ಒಳಮೈಯಲ್ಲಿ ತಂತಿಯ ಒಂದೊಂದು ಸುತ್ತೂ ಅಚ್ಚೊತ್ತಿದಂತೆ ಕಪ್ಪು ಗೆರೆ. "ಅವತ್ತು ಕೆಲಸಕ್ಕೆ ಹೊತ್ತಾಗಿತ್ತು" ಎಂದ.