ಪೈನ್ ಮರದ ವ್ಯಾಕರಣ, ಆಲದ ಬಿಳಲು

ಮುಂಬೈ, ಪುಣೆಗಳ ಬೋನ್ಸಾಯ್ (ಕುಂಡದಲ್ಲಿ ಕುಬ್ಜವಾಗಿ ಬೆಳೆಸಿದ ಮರ) ಪ್ರದರ್ಶನಗಳಲ್ಲಿ ಈಗ ಆಲ, ಅತ್ತಿ, ಬಸರಿ, ಹುಣಸೆಗಳು ಎದ್ದು ಕಾಣುತ್ತವೆ. ಆದರೆ ಅವನ್ನು ಯಾವ ಆಕಾರಕ್ಕೆ ತರಬೇಕೆಂಬ ಪ್ರಶ್ನೆ ಬಂದ ಕೂಡಲೇ ಬೆಳೆಗಾರರು ಎರಡು ಪಾಲಾಗುತ್ತಾರೆ. ಒಂದು ಪಾಲಿನವರಿಗೆ ಜಪಾನಿನ ವಿನ್ಯಾಸವೇ ವ್ಯಾಕರಣ; ಇನ್ನೊಂದು ಪಾಲಿನವರ ಪ್ರಕಾರ ಕುಂಡದ ಆಲವು ಊರ ಕಟ್ಟೆಯ ಆಲದಂತೆಯೇ ಕಾಣಬೇಕು. ‘ವಾಮನ ವೃಕ್ಷ’, ಅಂದರೆ ಕುಬ್ಜ ಮರ, ಎಂಬ ಹೆಸರು ಹಿಡಿದು, ಈ ಕಲೆ ಮೂಲತಃ ನಮ್ಮದೇ ಎನ್ನುವವರೂ ನಡುವೆ ಸೇರಿಕೊಂಡಿರುವುದರಿಂದ ವಾದದ ಎಳೆ ಹಿಡಿಯುವುದೇ ಕಷ್ಟವಾಗಿದೆ.

ಆದರೆ ತಟ್ಟೆಯಲ್ಲಿ ಗಿಡ ಬೆಳೆಸುವುದಕ್ಕೆ ಚೀನಾದ ರಾಜಕುಮಾರ ಝಾಂಗ್‌ಹುವಾಯ್‌ನ ಸಮಾಧಿಯಲ್ಲಿ ಕ್ರಿ.ಶ. 706ರ ಭಿತ್ತಿಚಿತ್ರದ ಸಾಕ್ಷಿಯಿದೆ. ಅಲ್ಲಿಂದ ಜಪಾನಿಗೆ ಹೋದ ಕಲೆಗೆ, 1923ರ ಭೂಕಂಪದಲ್ಲಿ ಟೋಕಿಯೋದ ನೆಲೆ ಕಳೆದುಕೊಂಡ ಬೆಳೆಗಾರರು 1925ರಲ್ಲಿ ಓಮಿಯಾದಲ್ಲಿ ಒಂದು ಗ್ರಾಮವನ್ನೇ ಕಟ್ಟಿದರು. 1970ರ ಒಸಾಕಾ ವಸ್ತುಪ್ರದರ್ಶನದ ಹೊತ್ತಿಗೆ ಈ ಕಲೆ ಜಗತ್ತಿಗೆ ಪರಿಚಿತವಾಗಿತ್ತು; 2018ರಲ್ಲಿ ಪುಣೆಯೇ ಅಂತರರಾಷ್ಟ್ರೀಯ ಸಮಾವೇಶವೊಂದಕ್ಕೆ ಆತಿಥ್ಯ ವಹಿಸಿತು.

ನಮ್ಮಲ್ಲಿಗೆ ಬಂದದ್ದು ಮರಗಳಿಗಿಂತ ಮೊದಲು ನಿಯಮಗಳು. ನೆಟ್ಟಗೆ ನಿಂತ ಚೊಕ್ಕಾನ್, ಬಳುಕಿ ಏರುವ ಮೊಯೋಗಿ, ಪ್ರಪಾತಕ್ಕೆ ಜೋತುಬಿದ್ದ ಕೆಂಗಾಯ್ ಎಂಬ ಶೈಲಿಗಳು, ಬುಡದಿಂದ ತುದಿಗೆ ಸಣ್ಣದಾಗುತ್ತ ಹೋಗುವ ಒಂದೇ ಕಾಂಡ, ಅದರ ಮುಂಭಾಗಕ್ಕೆ ಯಾವುದೂ ಅಡ್ಡ ಬರಬಾರದೆಂಬ ಕಟ್ಟುಪಾಡು, ಒಟ್ಟು ನೋಟಕ್ಕೆ ತ್ರಿಕೋನದ ಚೌಕಟ್ಟು. ಇವೆಲ್ಲ ಹುಟ್ಟಿದ್ದು ಬೆಟ್ಟದ ಪೈನ್ ಮರಗಳನ್ನು ವರ್ಷಗಟ್ಟಲೆ ನೋಡಿದವರ ಕಣ್ಣಿನಿಂದ. ಕೊಂಬೆ ಕೆಳಮುಖವಾಗಿ ಬಾಗಿರುವುದು ಹಿಮದ ಭಾರಕ್ಕೆ. ಮುಂಬೈನ ಮಾಟುಂಗಾದಲ್ಲಿ ಹಿಮ ಬೀಳುವುದಿಲ್ಲ.

ಮುಂಬೈನ ಸೆಕೆಯಲ್ಲಿ ಪೈನ್‌ಗೆ ಬೇಕಾದ ಚಳಿಗಾಲದ ವಿಶ್ರಾಂತಿ ಸಿಗದ ಕಾರಣ ಇಲ್ಲಿನ ಹವ್ಯಾಸಿಗಳು ಆಲದ ಜಾತಿಗಳತ್ತ ತಿರುಗಿದರು; ತೊಡಕು ಶುರುವಾದದ್ದೂ ಆಗಲೇ. ಮಳೆಗಾಲದಲ್ಲಿ ಆಲ ಎಷ್ಟು ಬೇಗ ದಪ್ಪವಾಗುತ್ತದೆಂದರೆ, ಸುತ್ತಿದ ತಂತಿ ಕೆಲವೇ ವಾರಗಳಲ್ಲಿ ತೊಗಟೆಗೆ ಕಚ್ಚಿಕೊಳ್ಳುತ್ತದೆ. ಮುಲುಂಡ್‌ನ ನನ್ನ ಬಾಲ್ಕನಿಯ ಆಲಕ್ಕೆ ಒಂದು ಜೂನ್‌ನಲ್ಲಿ ಸುತ್ತಿದ ಅಲ್ಯೂಮಿನಿಯಂ ತಂತಿಯನ್ನು ಗಣೇಶ ಚತುರ್ಥಿಯವರೆಗೆ ಮರೆತಿದ್ದೆ. ಸುರುಳಿ ಸುತ್ತಿದ ಆ ಗಾಯ ಇಂದಿಗೂ ಬೆರಳಿಗೆ ಸಿಗುತ್ತದೆ. ಜುನಿಪರ್ ಮರದ ಒಣಕೊಂಬೆಯನ್ನು ಕೆತ್ತಿ ವಯಸ್ಸು ತೋರಿಸುವ ಪದ್ಧತಿಯೂ ಇಲ್ಲಿ ನಡೆಯಲಿಲ್ಲ, ಏಕೆಂದರೆ ಆಲದ ಮೆತ್ತನೆಯ ಸತ್ತ ಕಟ್ಟಿಗೆ ಕೊಂಕಣದ ಮಳೆಗೆ ಕೊಳೆಯುತ್ತದೆ. ಬಿಳಲಿನ ಬಗ್ಗೆಯಂತೂ ಪೈನ್ ನೋಡಿ ಬರೆದ ನಿಯಮದಲ್ಲಿ ಮಾತೇ ಇಲ್ಲ. ಹೀಗಾಗಿ ಇಲ್ಲಿನವರು ಉದ್ದಕ್ಕೆ ಸೀಳಿದ ಸ್ಟ್ರಾದೊಳಗೆ ಒದ್ದೆ ಪಾಚಿ ತುಂಬಿ, ಎಳೆಯ ಬಿಳಲನ್ನು ಅದರಲ್ಲಿ ಮಣ್ಣಿನವರೆಗೆ ಇಳಿಸುವುದನ್ನು ರೂಢಿಸಿಕೊಂಡರು. ಮಣ್ಣು ಮುಟ್ಟಿದ ಬಿಳಲು ಬಿಗಿದು ದಪ್ಪವಾಗಿ ಕಂಬದಂತಾಗುತ್ತದೆ. ಅದು ಕಾಂಡಕ್ಕೆ ಅಡ್ಡ ಬಂದರೆ ನಿಯಮ ಬಲ್ಲವರು ಕತ್ತರಿಸು ಎನ್ನುತ್ತಾರೆ.

ಕೋಲ್ಕತ್ತಾ ಬಳಿಯ ಶಿಬಪುರ ಸಸ್ಯೋದ್ಯಾನದ ಮಹಾ ಆಲದ ಮೂಲ ಕಾಂಡಕ್ಕೆ ಶಿಲೀಂಧ್ರ ತಗುಲಿದಾಗ ಅದನ್ನು ತೆಗೆದುಹಾಕಿದ್ದು ಕೂಡ, ಕಾಕತಾಳೀಯವೆಂಬಂತೆ, ಓಮಿಯಾದ ಗ್ರಾಮ ಹುಟ್ಟಿದ 1925ರಲ್ಲೇ. ಅಂದಿನಿಂದ ಮರ ನಿಂತಿರುವುದು ಬಿಳಲುಗಳ ಮೇಲೆ. ಒಂದೇ ಕಾಂಡ ಬಯಸುವ ಅಳತೆಗೋಲಿನಿಂದ ಇಂಥ ಮರವನ್ನು ಎಲ್ಲಿಂದ ಅಳೆಯಲು ಆರಂಭಿಸಬೇಕು? ದಕ್ಷಿಣ ಆಫ್ರಿಕಾದ ಬೆಳೆಗಾರರು ತಮ್ಮ ಜಾಲಿ ಮರದ ಛತ್ರಿಯಾಕಾರಕ್ಕೆ ಅಲ್ಲಿನ ಚಿತ್ರಕಾರ ಪಿಯರ್‌ನೀಫ್‌ನ ಹೆಸರಿಟ್ಟು ಪ್ರತ್ಯೇಕ ಶೈಲಿಯನ್ನೇ ಮಾಡಿಕೊಂಡರು. ಅಮೆರಿಕದವರು ಜೌಗುನೆಲದ ಸೈಪ್ರಸ್‌ಗೆ ಚಪ್ಪಟೆ ನೆತ್ತಿಯನ್ನು ಒಪ್ಪಿದರು. ನಮ್ಮಲ್ಲಿ ಅಂಥ ಒಪ್ಪಿತ ಹೆಸರು ಇನ್ನೂ ನೆಲೆಯೂರಿಲ್ಲ.

ಹಾಗೆಂದು ಸಹಜ ರೂಪದ ಹೆಸರಿನಲ್ಲಿ ಬರುವುದೆಲ್ಲ ಮರವನ್ನು ನೋಡಿ ಮಾಡಿದ್ದಲ್ಲ. ಕತ್ತರಿ ಮುಟ್ಟಿಸದೆ ಬಿಟ್ಟ ಪೊದೆಗೂ ಕೆಲವೊಮ್ಮೆ ಅದೇ ಚೀಟಿ ಅಂಟಿರುತ್ತದೆ. ಹುಣಸೆಯ ಗುಮ್ಮಟ ಬರಬೇಕಾದರೂ ಚಿಗುರನ್ನು ಹತ್ತಾರು ಸಲ ಚಿವುಟಲೇಬೇಕು.

ಅರಳಿಯ ಮಾತು ಬಂದಾಗ ಮಾತ್ರ ಎರಡೂ ಪಾಲಿನವರು ಸುಮ್ಮನಾಗುತ್ತಾರೆ. ಎಲೆಗಳನ್ನೆಲ್ಲ ಸವರಿ ಮತ್ತೆ ಚಿಗುರಿಸಿದರೆ ಹೊಸ ಎಲೆ ಸಣ್ಣದಾಗಬಹುದು, ಆದರೆ ಉದ್ದನೆಯ ತೊಟ್ಟು ಹಟ ಬಿಡುವುದಿಲ್ಲ, ರೆಂಬೆಗಳೂ ದಟ್ಟವಾಗುವುದಿಲ್ಲ. ಮುಂಬೈನ ಹಳೆಯ ಗೋಡೆಗಳ ಬಿರುಕಿನಲ್ಲಿ ಪ್ರತಿ ಮಳೆಗಾಲವೂ ಪುಕ್ಕಟೆಯಾಗಿ ಸಿಗುವ ಆ ಸಸಿಯನ್ನು ಕುಂಡಕ್ಕಿಳಿಸಿದವರು ಆಮೇಲೆ ಏನು ಮಾಡಬೇಕೆಂದು ಪರಸ್ಪರ ಕೇಳುತ್ತಲೇ ಇದ್ದಾರೆ.