ಕಪ್ಪು ಜನರ ನೆನಪಿಗೆ ಬಿಳಿ ಪ್ರತಿಮೆ ಯಾಕೆ?

ಓದುಗರ ಪ್ರಶ್ನೆ: ಮಾರ್ಟಿನಿಕ್ ದ್ವೀಪದ ಕಡಲ ದಡದಲ್ಲಿ ಗುಲಾಮರ ನೆನಪಿಗೆ ನಿಲ್ಲಿಸಿದ ಪ್ರತಿಮೆಗಳ ಫೋಟೋ ನೋಡಿದೆ. ಸತ್ತವರು ಆಫ್ರಿಕಾದವರು ಅಲ್ವಾ? ಮತ್ತೆ ಪ್ರತಿಮೆಗಳಿಗೆ ಬಿಳಿ ಬಣ್ಣ ಯಾಕೆ?

ಅದು ಸಾವಿನ ಬಣ್ಣ. ಕೆರಿಬಿಯನ್ ದ್ವೀಪಗಳಲ್ಲಿ ಬಿಳಿ ಅಂದರೆ ಸೂತಕ. ಹೆಣಕ್ಕೆ ಬಿಳಿ ಬಟ್ಟೆ ಹೊದಿಸುವ ನಮಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಿಲ್ಲ. ಆದರೆ ಅದು ಯಾರ ಸೂತಕ ಅನ್ನುವುದನ್ನು ಹೇಳಲೇಬೇಕು.

1830ರ ಏಪ್ರಿಲ್ 8ರ ರಾತ್ರಿ ಒಂದು ಹಡಗು ಆನ್ಸ್ ಕಫಾರ್ ಎಂಬ ಈ ಜಾಗದ ಬಂಡೆಗಳಿಗೆ ಬಡಿದು ಒಡೆಯಿತು. ಒಳಗೆ ಮಾರಾಟಕ್ಕೆಂದು ತಂದ ಜನ. ದಡಕ್ಕೆ ಬಂದ ಹೆಣಗಳೇ 46. ನಾವಿಕರನ್ನು ಊರಿನ ಸ್ಮಶಾನದಲ್ಲಿ ಹೂಳಿದರು. ಆಫ್ರಿಕಾದವರನ್ನು ದಡದ ಹತ್ತಿರವೇ ಎಲ್ಲೋ ಮಣ್ಣು ಮಾಡಿದರು. ಸತ್ತ ಮೇಲೂ ಬೇರೆ ಬೇರೆ ಜಾಗ.

ಬದುಕಿದವರು 86 ಜನ, ಅವರಲ್ಲಿ ಹೆಂಗಸರೇ ಹೆಚ್ಚು. ಅವರ ಕಥೆ ನನ್ನನ್ನು ಇನ್ನೂ ಕಾಡುತ್ತದೆ. ಮಾರ್ಟಿನಿಕ್ ಆಗ ಫ್ರಾನ್ಸಿನ ವಸಾಹತು. ಮನುಷ್ಯರನ್ನು ಹಡಗಿನಲ್ಲಿ ತಂದು ಮಾರುವುದನ್ನು ಫ್ರಾನ್ಸ್ ಆಗಲೇ ನಿಷೇಧಿಸಿತ್ತು. ಈ ಹಡಗು ಬಂದದ್ದು ಕದ್ದುಮುಚ್ಚಿ. ಹಾಗಾಗಿ ಅವರನ್ನು ಮಾರುವಂತಿರಲಿಲ್ಲ. ಆದರೆ ದ್ವೀಪದೊಳಗೆ ಗುಲಾಮಗಿರಿ ಇನ್ನೂ ಕಾನೂನುಬದ್ಧವೇ ಆಗಿತ್ತು, ಅದು ಹೋದದ್ದು 1848ರಲ್ಲಿ. ಗುಲಾಮರೂ ಅಲ್ಲದ, ಸ್ವತಂತ್ರರೂ ಅಲ್ಲದ ಕಪ್ಪು ಜನರನ್ನು ಏನು ಮಾಡುವುದೆಂದು ಅಧಿಕಾರಿಗಳಿಗೆ ತಿಳಿಯಲಿಲ್ಲ. ಕೊನೆಗೆ ಮತ್ತೆ ಹಡಗು ಹತ್ತಿಸಿ ದಕ್ಷಿಣ ಅಮೆರಿಕದ ಕಯೆನ್‌ಗೆ ಕಳಿಸಿದರು. ಅವರನ್ನು ಊರಿಗೆ ವಾಪಸ್ ಮುಟ್ಟಿಸಲಿಲ್ಲ.

ಗುಲಾಮಗಿರಿ ಹೋಗಿ 150 ವರ್ಷವಾದಾಗ, 1998ರಲ್ಲಿ, ಮಾರ್ಟಿನಿಕ್‌ನ ಶಿಲ್ಪಿ ಲೋರಾಂ ವಾಲೇರ್ ಈ 15 ಪ್ರತಿಮೆಗಳನ್ನು ಮಾಡಿದರು. ಒಂದೊಂದೂ ಎರಡೂವರೆ ಮೀಟರ್ ಎತ್ತರ. ಭುಜ ಇಳಿಬಿದ್ದಿದೆ, ತಲೆ ಬಾಗಿದೆ. ನೋಡಲು ಒಬ್ಬರಂತೆ ಇನ್ನೊಬ್ಬರು. ನನಗೆ ಇದು ಸರಿ ಅನಿಸುತ್ತದೆ. ಆ ಹಡಗಿನ ಹೆಸರೇ ಗೊತ್ತಾಗಲಿಲ್ಲ, ಇನ್ನು ಒಳಗಿದ್ದವರ ಮುಖ ಎಲ್ಲಿಂದ ತರುವುದು?

ಪ್ರತಿಮೆಗಳು ತ್ರಿಕೋನದಲ್ಲಿ ನಿಂತಿವೆ. ಯುರೋಪಿನಿಂದ ಆಫ್ರಿಕಾಕ್ಕೆ ಸರಕು, ಅಲ್ಲಿಂದ ಕೆರಿಬಿಯನ್‌ಗೆ ಮನುಷ್ಯರು, ಇಲ್ಲಿಂದ ಯುರೋಪಿಗೆ ಸಕ್ಕರೆ: ಆ ವ್ಯಾಪಾರದ ಮೂರು ದಾರಿಗಳ ಗುರುತು ಅದು.

ಸ್ಮಾರಕದ ಹೆಸರು 'ಕಾಪ್ 110'. ಕಾಪ್ ಅಂದರೆ ಹಡಗು ಹಿಡಿಯುವ ದಿಕ್ಕು. ದಿಕ್ಸೂಚಿಯಲ್ಲಿ 110 ಡಿಗ್ರಿಗೆ ನೇರವಾಗಿ ಕಡಲು ದಾಟುತ್ತಾ ಹೋದರೆ ಸಿಗುವುದು ಆಫ್ರಿಕಾದ ಗಿನಿ ಕೊಲ್ಲಿ. ಹದಿನೈದೂ ಪ್ರತಿಮೆಗಳು ಆ ಕಡೆಗೇ ಮುಖ ಮಾಡಿವೆ.