ಎರಡಕ್ಕೂ ಬಚಾಟಾ ಅಂತಾರೆ, ಆದರೆ ಒಂದಕ್ಕೊಂದು ಹೋಲೋದೇ ಇಲ್ಲ. ಯಾಕೆ?

ಪ್ರಶ್ನೆ: ಬೆಂಗಳೂರಿನ ಒಂದು ಕ್ಲಾಸಿನಲ್ಲಿ ಬಚಾಟಾ ಕಲಿಯುತ್ತಿದ್ದೇನೆ. ಅಲ್ಲಿ ಮೈಯನ್ನು ಅಲೆಯ ಹಾಗೆ ಬಳುಕಿಸುವುದೇ ಜಾಸ್ತಿ. ಯೂಟ್ಯೂಬಿನಲ್ಲಿ ಡೊಮಿನಿಕನ್ ರಿಪಬ್ಲಿಕ್‌ನವರು ಕುಣಿಯುವುದನ್ನು ನೋಡಿದರೆ ಎಲ್ಲಾ ಕಾಲಿನ ಕೆಲಸ. ಇವೆರಡರಲ್ಲಿ ಅಸಲಿ ಯಾವುದು?

ಬಚಾಟಾ ಕಲಿಯುವವರಿಗೆಲ್ಲ ಒಂದಲ್ಲ ಒಂದು ದಿನ ಈ ಅನುಮಾನ ಬಂದೇ ಬರುತ್ತದೆ. ಬಚಾಟಾ ಅನ್ನುವುದು ಕೆರೀಬಿಯನ್ ದೇಶ ಡೊಮಿನಿಕನ್ ರಿಪಬ್ಲಿಕ್‌ನಲ್ಲಿ ಹುಟ್ಟಿದ ಸಂಗೀತ, ಅದಕ್ಕೆ ಜೋಡಿಯಾಗಿ ಕುಣಿಯುವ ಕುಣಿತಕ್ಕೂ ಅದೇ ಹೆಸರು. ಯೂಟ್ಯೂಬಿನಲ್ಲಿ ನೀವು ನೋಡಿದ್ದು ತವರುಮನೆಯ ಬಚಾಟಾ. ಕ್ಲಾಸಿನಲ್ಲಿ ಕಲಿಯುತ್ತಿರುವುದು ಹೆಚ್ಚುಕಮ್ಮಿ ಬಚಾಟಾ ಸೆನ್ಸುವಲ್ ಇರಬೇಕು. ಅದು ಈ ಶತಮಾನದಲ್ಲಿ ಸ್ಪೇನ್‌ನಲ್ಲಿ ರೂಪುಗೊಂಡ ಶೈಲಿ. ಹಾಡು ಊರು ಬಿಟ್ಟು ಊರಿಗೆ ಹೋದಾಗಲೆಲ್ಲ ಕುಣಿತವೂ ಬದಲಾಗಿದೆ.

ಡೊಮಿನಿಕನ್ ರಿಪಬ್ಲಿಕ್ ಅನ್ನು 1930ರಿಂದ 1961ರವರೆಗೆ ತ್ರುಹಿಯೊ ಎಂಬ ಸರ್ವಾಧಿಕಾರಿ ಆಳಿದ. ಅವನಿಗೆ ಮೆರೆಂಗೆ ಎಂಬ ಅಲ್ಲಿನ ಕುಣಿತದ ಸಂಗೀತ ಅಂದರೆ ಪ್ರೀತಿ, ಹಾಗಾಗಿ ಸರ್ಕಾರದ ಬೆಂಬಲವೆಲ್ಲ ಅದಕ್ಕೇ. ಅವನ ಹತ್ಯೆಯಾದ ಮರುವರ್ಷ, 1962ರಲ್ಲಿ, ಹೊಸೆ ಮನುಯೆಲ್ ಕಾಲ್ಡೆರೋನ್ ಗಿಟಾರ್ ಹಿಡಿದು ಹಾಡಿದ ಹಾಡುಗಳು ರೆಕಾರ್ಡ್ ಆದವು. ಬಚಾಟಾದ ಮೊದಲ ರೆಕಾರ್ಡ್ ಅಂತ ಅವನ್ನೇ ಹೇಳುತ್ತಾರೆ. ಬೊಲೆರೊ ಎಂಬ ನಿಧಾನಗತಿಯ ಪ್ರೇಮಗೀತೆಗಳ ಜಾಡಿನ ಸಂಗೀತ ಅದು. ಮೋಸ ಹೋದ ಪ್ರೀತಿ, ಕುಡಿತ, ಕಣ್ಣೀರು, ಇವೇ ವಸ್ತು. ಹಳ್ಳಿ ಬಿಟ್ಟು ರಾಜಧಾನಿ ಸಾಂಟೊ ಡೊಮಿಂಗೊಗೆ ಬಂದ ಬಡವರು ಇದನ್ನು ಕೇಳುತ್ತಿದ್ದರು. ಉಳ್ಳವರು ಮೂಗು ಮುರಿದರು. ಬಹಳ ವರ್ಷ ರೇಡಿಯೊ ಗ್ವಾರಾಚಿತಾ ಬಿಟ್ಟರೆ ಇದನ್ನು ಹಾಕುವ ಸ್ಟೇಷನ್ ಸಿಗುವುದೇ ಕಷ್ಟವಿತ್ತು.

ಜನ ಕುಣಿಯುತ್ತಿದ್ದ ಜಾಗಗಳನ್ನು ನೋಡಿ: ಬಾರು, ಮನೆಯ ಹಿತ್ತಲು, ಕೊಲ್ಮಾಡೊ. ಕೊಲ್ಮಾಡೊ ಅಂದರೆ ಅಕ್ಕಿ, ಎಣ್ಣೆ ಮಾರುವ ಬೀದಿ ಮೂಲೆಯ ಅಂಗಡಿ. ಅಲ್ಲಿ ಬಿಯರೂ ಸಿಗುತ್ತದೆ, ಜೋರಾಗಿ ಹಾಡೂ ಕೇಳುತ್ತದೆ. ಅಂಗಡಿ ಮುಂದಿನ ಅಷ್ಟಗಲ ಜಾಗದಲ್ಲಿ ಎಷ್ಟು ಅಂತ ಕೈಕಾಲು ಬೀಸುತ್ತೀರಿ? ಹೆಜ್ಜೆ ಚಿಕ್ಕದಾಗಿಯೇ ಇರಬೇಕು. ಮೂರು ಹೆಜ್ಜೆ, ನಾಲ್ಕನೇ ಎಣಿಕೆಗೆ ಒಂದು ತಟ್ಟು, ಮತ್ತೆ ಮೂರು, ಮತ್ತೊಂದು ತಟ್ಟು. ಮಂಡಿ ಸಡಿಲವಾಗಿದ್ದರೆ ಸೊಂಟ ತಾನಾಗಿಯೇ ಆಡುತ್ತದೆ, ಬೇಕಂತಲೇ ಅಲ್ಲಾಡಿಸಬೇಕಾಗಿಲ್ಲ. ಗಿಟಾರ್ ಚುರುಕಾದಾಗ ಎರಡು ಎಣಿಕೆಗಳ ನಡುವೆ ಇನ್ನೊಂದು ಹೆಜ್ಜೆ ತೂರಿಸುತ್ತಾರೆ. ನೀವು ನೋಡಿದ ಕಾಲಿನ ಕೆಲಸ ಅದೇ.

ಮುಂದೆ ಕಾಲ ಬದಲಾಯಿತು. 1980ರ ದಶಕದ ಕೊನೆಗೆ ಬ್ಲಾಸ್ ದುರಾನ್ ಎಲೆಕ್ಟ್ರಿಕ್ ಗಿಟಾರ್ ತಂದರು. 1990ರಲ್ಲಿ ಹುವಾನ್ ಲೂಯಿಸ್ ಗೆರ್ರಾ ಅವರ 'ಬಚಾಟಾ ರೋಸಾ' ಆಲ್ಬಂ ಬಂತು, ಗ್ರ್ಯಾಮಿಯೂ ಸಿಕ್ಕಿತು. ಅಲ್ಲಿಯವರೆಗೆ ಮೂಗು ಮುರಿದವರೇ ಡ್ರಾಯಿಂಗ್ ರೂಮಿನಲ್ಲಿ ಬಚಾಟಾ ಕೇಳತೊಡಗಿದರು. ಆಮೇಲೆ ನ್ಯೂಯಾರ್ಕಿನ ಬ್ರಾಂಕ್ಸ್‌ನ ಹುಡುಗರ ತಂಡ ಅವೆಂಚುರಾ ಇದಕ್ಕೆ ಆರ್ ಅಂಡ್ ಬಿ ಎಂಬ ಅಮೆರಿಕನ್ ಸಂಗೀತ ಬೆರೆಸಿತು. 2002ರ ಅವರ 'ಒಬ್ಸೆಸಿಯೋನ್' ಹಾಡು ಇಟಲಿ, ಫ್ರಾನ್ಸ್‌ಗಳಲ್ಲಿ ಮೊದಲ ಸ್ಥಾನಕ್ಕೇರಿತು.

ಯುರೋಪಿನಲ್ಲಿ ಅಷ್ಟು ಹೊತ್ತಿಗಾಗಲೇ ಸಾಲ್ಸಾ ಎಂಬ ಲ್ಯಾಟಿನ್ ಜೋಡಿ ಕುಣಿತದ ಕ್ಲಾಸುಗಳು ತುಂಬಿ ತುಳುಕುತ್ತಿದ್ದವು. ಹೊಸ ಹಾಡು ಕೈಗೆ ಸಿಕ್ಕಾಗ ಅವರು ಅದಕ್ಕೆ ತಮಗೆ ಗೊತ್ತಿದ್ದ ಸಾಲ್ಸಾ ತಿರುವುಗಳನ್ನೇ ಸೇರಿಸಿದರು. ಅದು ಬಚಾಟಾ ಮೊಡೆರ್ನಾ. ಅಲ್ಲಿಂದ ಮುಂದೆ ಸ್ಪೇನ್‌ನ ಕಾದಿಸ್ ನಗರದ ಕೋರ್ಕೆ ಮತ್ತು ಜೂಡಿತ್ ಜೋಡಿ ಕಟ್ಟಿದ ಶೈಲಿಗೆ ಬಚಾಟಾ ಸೆನ್ಸುವಲ್ ಅಂತ ಹೆಸರಾಯಿತು. ಅದರಲ್ಲಿ ಬ್ರೆಜಿಲಿಯನ್ ಝೂಕ್ ಎಂಬ ಇನ್ನೊಂದು ಜೋಡಿ ಕುಣಿತದ ಛಾಯೆ ಎದ್ದು ಕಾಣುತ್ತದೆ.

ಝೂಕ್‌ನ ಕಥೆಯೂ ಇದೇ ದಾರಿಯದು. 1989ರಲ್ಲಿ ಕಾವೋಮಾ ತಂಡದ ಹಾಡಿನಿಂದ ಲಂಬಾಡಾ ಎಂಬ ಬ್ರೆಜಿಲ್ ಕುಣಿತದ ಹುಚ್ಚು ಲೋಕಕ್ಕೆಲ್ಲ ಹತ್ತಿತ್ತು. ಹುಚ್ಚು ಇಳಿದಾಗ ಹೊಸ ಲಂಬಾಡಾ ಹಾಡುಗಳು ನಿಂತುಹೋದವು. ಕುಣಿಯುವವರು ಫ್ರೆಂಚ್ ಕೆರೀಬಿಯನ್ ದ್ವೀಪಗಳ ಝೂಕ್ ಹಾಡು ಹಾಕಿಕೊಂಡರು. ಅದು ನಿಧಾನ. ಹಾಡು ನಿಧಾನವಾದಷ್ಟೂ ಎರಡು ಹೆಜ್ಜೆಗಳ ನಡುವೆ ಸಮಯ ಮಿಗುತ್ತದೆ. ಆ ಮಿಕ್ಕ ಸಮಯವನ್ನು ಮೈ ತುಂಬಿತು. ಬಚಾಟಾದಲ್ಲೂ ಆಗಿದ್ದು ಅದೇ, ಹಾಡು ಮೆದುವಾಗುತ್ತಾ ಕಾಲಿನ ಕೆಲಸ ಮೈಗೆ ಹೋಯಿತು.

ನಿಮ್ಮ ಕ್ಲಾಸಿನ ಬಾಡಿ ವೇವ್ ಅನ್ನೇ ತೆಗೆದುಕೊಳ್ಳಿ. ಲೀಡ್ ಮಾಡುವವರ ಕೈ ಜೊತೆಗಾರರ ಬೆನ್ನಿನ ಮೇಲೆ, ಹೆಗಲ ಮೂಳೆಯ ಹತ್ತಿರ ಇರುತ್ತದೆ. ಅವರು ತಮ್ಮ ಎದೆಯಿಂದ ಅಲೆಯನ್ನು ಶುರು ಮಾಡಿ, ಮಂಡಿ ಬಗ್ಗಿಸುತ್ತಾ ಕೆಳಗೆ ಇಳಿಸುತ್ತಾರೆ. ಜೊತೆಗಾರರ ಎದೆ, ಪಕ್ಕೆಲುಬು, ಸೊಂಟ ಒಂದಾದ ಮೇಲೊಂದು ಆ ದಾರಿ ಹಿಡಿಯುತ್ತವೆ. ಕೈಯಿಂದ ಒತ್ತಿ ತಳ್ಳಿದರೆ ಅದು ಅಲೆ ಅಲ್ಲ, ನೂಕಾಟ! ಹೊಸಬರಲ್ಲಿ ನೂಕಾಟವೇ ಜಾಸ್ತಿ.

ಹಾಗಾದರೆ ಸೆನ್ಸುವಲ್ ನಕಲಿಯೇ? ನಾನಂತೂ ಹಾಗನ್ನುವುದಿಲ್ಲ. ಅದಕ್ಕೆ ಅದರದೇ ತಂತ್ರ ಇದೆ, ಚೆನ್ನಾಗಿ ಕುಣಿಯುವುದು ಸುಲಭವೂ ಅಲ್ಲ. ಆದರೆ ಬಚಾಟಾ ಅಂದರೆ ಇಷ್ಟೇ ಅಂತ ಕಲಿಸಿದರೆ ಡೊಮಿನಿಕನ್ನರಿಗೆ ಬೇಜಾರಾಗುವುದು ಸಹಜ ಅಲ್ವಾ? ಯುನೆಸ್ಕೊ 2019ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡದ್ದು ಡೊಮಿನಿಕನ್ ಬಚಾಟಾದ ಹಾಡು ಮತ್ತು ಕುಣಿತವನ್ನು. ನನ್ನ ತಕರಾರು ಹಾಡಿನ ಬಗ್ಗೆ. ಇಂಗ್ಲಿಷ್ ಪಾಪ್ ಹಾಡಿಗೆ ಬಚಾಟಾ ಬೀಟ್ ಅಂಟಿಸಿದ ರಿಮಿಕ್ಸ್‌ಗಳಿಗೇ ಕುಣಿಯುತ್ತಿದ್ದರೆ ಬೊಂಗೊ, ಗ್ವೀರಾಗಳ ಮಾತು ಕಿವಿಗೆ ಬೀಳುವುದೇ ಇಲ್ಲ. ಬೊಂಗೊ ಅಂದರೆ ಕೈಯಿಂದ ಬಾರಿಸುವ ಪುಟ್ಟ ಜೋಡಿ ಡ್ರಮ್, ಗ್ವೀರಾ ಅಂದರೆ ಕಡ್ಡಿಯಿಂದ ಗೀರಿ ನುಡಿಸುವ ತಗಡಿನ ಕೊಳವೆ.

ಅದಕ್ಕೇ ಹಳೆಯ ಡೊಮಿನಿಕನ್ ಹಾಡುಗಳನ್ನು ಸುಮ್ನೆ ಕೂತು ಕೇಳಿ. ಪಲ್ಲವಿಗೆ ಮುಂಚಿನ ಸಾಲುಗಳಲ್ಲಿ ತಾಳ ಸಮನಾಗಿ ಸಾಗುತ್ತದೆ, ಅದು ಡೆರೇಚೊ. ಪಲ್ಲವಿಯಲ್ಲಿ ಪೆಟ್ಟು ಗಟ್ಟಿಯಾಗುತ್ತದೆ, ಅದು ಮಹಾವ್. ಹಾಡುವವರು ಸುಮ್ಮನಾಗಿ ಗಿಟಾರ್ ಆಟಕ್ಕಿಳಿದರೆ ಮಾಂಬೊ. ಮಾಂಬೊ ಬಂದಾಗ ಅಲೆ ನಿಲ್ಲಿಸಿ ಕಾಲಿಗೆ ಕೆಲಸ ಕೊಡಿ. ಎರಡೂ ಶೈಲಿ ಒಂದೇ ಹಾಡಿನಲ್ಲಿ ಹಿಡಿಸುತ್ತವೆ.

ಇನ್ನೊಂದು ಮಾತು. ತಲೆ ಸುತ್ತಿಸುವ ಹೆಡ್ ರೋಲ್ ಅನ್ನು ಕಲಿಯದವರ ಮೇಲೆ ಪ್ರಯೋಗ ಮಾಡಬೇಡಿ, ಕುತ್ತಿಗೆ ಹಿಡಿದುಕೊಳ್ಳುತ್ತದೆ. ನಿಮಗೇ ಬೇಡವಾಗಿದ್ದರೆ, ಅಥವಾ ಅಷ್ಟು ಹತ್ತಿರ ನಿಲ್ಲುವುದು ಮುಜುಗರವಾದರೆ, ಹಾಡು ಶುರುವಾಗುವ ಮೊದಲೇ ಹೇಳಿಬಿಡಿ. ಕೈ ಹಿಡಿದು ದೂರದಲ್ಲೇ ನಿಂತು ಇಡೀ ಹಾಡು ಕುಣಿಯಬಹುದು.